ಒಕ್ಕಲು ಮನೆತನದ ಮೂಲ ಹುಡುಕುವ ಬಗೆ

ಮೊದಲೇ ಕಚೇರಿಗೆ ಓಡಬೇಡಿ, ಹೆಳವರನ್ನು ಕೇಳಿ. ಮನೆ ಮುಂದೆ ನಿಂತು ವಂಶ ಹೊಗಳುವ ಅವರ ಬಾಯಲ್ಲಿ, ಹೊತ್ತಿಗೆಯಲ್ಲಿ ಅಡ್ಡಹೆಸರು, ಬೆಡಗು (ಗೋತ್ರದಂಥ ಕುಲದ ಹೆಸರು), ಬಿಟ್ಟುಬಂದ ಊರು ಸಿಗುತ್ತವೆ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಕೆಳಗಿನಿಂದ ಮೇಲಕ್ಕೆ ಬರೆದುಕೊಳ್ಳಿ. ಕಾಳು ಕೊಟ್ಟವರಿಗೆ ರಾಜಮೂಲವೂ ಸಲೀಸಾಗಿ ಬರುತ್ತದೆ. ಊರು ಹಿಡಿಯಿರಿ, ಕಿರೀಟ ಬಿಡಿ.

ಆಮೇಲೆ ಸರ್ವೆ ನಂಬರ್ ಹಿಡಿದು ತಾಲೂಕಿನ ರೆಕಾರ್ಡ್ ರೂಮಿನಲ್ಲಿ ಹಳೆ ಉತಾರ (ಜಮೀನಿನ ದಾಖಲೆ) ತೆಗೆಸಿ. ಬೆಳಗಾವಿ, ಬಿಜಾಪುರದ ಈ ಕಡೆ 1956ರವರೆಗೆ ಮುಂಬೈ ಆಡಳಿತದ ಸೀಮೆ. ಕಾಗದ ಮರಾಠಿಯ ಹಳೆ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರು ಬೇಕು. ಜಮಖಂಡಿ, ಮುಧೋಳ, ರಾಮದುರ್ಗ 1948ರವರೆಗೆ ಸಂಸ್ಥಾನಗಳು, ಅಲ್ಲಿನ ದಫ್ತರವೇ ಬೇರೆ.

ಜಾತಿವಾರು ವಿವರಕ್ಕೆ 1884ರ ಬೆಳಗಾವಿ, ಬಿಜಾಪುರ ಗೆಜೆಟಿಯರ್ ನೋಡಿ. ಬಹಳ ಜನ ಎಡವುವುದು ಇಲ್ಲೇ. 'ಒಕ್ಕಲಿಗ' ಎಂದರೆ ಈ ಕಡೆ ಬಹುಮಟ್ಟಿಗೆ ಕಸುಬು. ಪಂಚಮಸಾಲಿ, ರಡ್ಡಿ, ಗಾಣಿಗ, ಕುರುಬ ಎಲ್ಲರಲ್ಲೂ ಒಕ್ಕಲುತನ ಮಾಡಿದವರಿದ್ದಾರೆ. ಮೈಸೂರು ಸೀಮೆಯ ಜಾತಿಯೆಂದು ಓದಿಕೊಂಡರೆ ಮೂಲವೇ ದಾರಿ ತಪ್ಪುತ್ತದೆ.

1901ರ ಜನಗಣತಿ ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೋಗಿತ್ತು. ಅದನ್ನು ಊರಿನ ಅಳತೆಗೋಲು ಮಾಡಬೇಡಿ. ಊರಲ್ಲಿ ಮಾನ ತೂಗಿದ್ದು ವತನ (ವಂಶಪಾರಂಪರ್ಯ ಹಕ್ಕು), ಗೌಡಕಿ (ಊರಗೌಡನ ಹುದ್ದೆ): ಕಾರಹುಣ್ಣಿಮೆಗೆ ಯಾರ ಎತ್ತು ಮುಂದೆ ಎಂದು ಹಿರಿಯರನ್ನು ಕೇಳಿ ನೋಡಿ.