ಮದುವೆ ಕ್ಯಾಸೆಟ್ ಡಿಸ್ಕ್‌ಗೆ ಇಳಿಸಲು ಏನೇನು ಬೇಕು?

ಅಟ್ಟದ ಪೆಟ್ಟಿಗೆಯಲ್ಲಿ ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ಇದೆಯಾ? ಇನ್ನು ತಡ ಮಾಡಬೇಡಿ. ಇಂಥ ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರ್ ಅನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ಅದರ ತಯಾರಿಕೆ ನಿಲ್ಲಿಸಿತು. ಈಗ ಉಳಿದಿರುವುದೆಲ್ಲ ಹಳೆಯ ಯಂತ್ರಗಳೇ.

ಮೊದಲು ಕ್ಯಾಸೆಟ್ ನೋಡಿ. ಕಿಟಕಿಯಂತಿರುವ ಪಾರದರ್ಶಕ ಜಾಗವನ್ನು ಬೆಳಕಿಗೆ ಹಿಡಿಯಿರಿ. ಸುತ್ತಿದ ಟೇಪಿನ ಅಂಚು ಕಪ್ಪಗೆ, ನುಣುಪಾಗಿರಬೇಕು. ಅಕ್ಕಿಹಿಟ್ಟು ಉದುರಿದ ಹಾಗೆ ಬಿಳಿ ಚುಕ್ಕೆಗಳಿದ್ದರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ತೇವಕ್ಕೆ ಇದು ಬೇಗ ಹಿಡಿಯುತ್ತದೆ. ಅಂಥದ್ದನ್ನು ವಿಸಿಆರ್‌ಗೆ ಹಾಕಲೇಬೇಡಿ. ನಾನು ಹಾಗೆ ಹಾಕಿ, ಟೇಪ್ ಓದುವ ಯಂತ್ರದ ಭಾಗ, ಅಂದರೆ ಹೆಡ್, ಕೊಳೆಯಾಗಿ, ನಂತರ ಹಾಕಿದ ಒಳ್ಳೆಯ ಕ್ಯಾಸೆಟ್ಟಿನಲ್ಲೂ ಬರೀ ಚುಕ್ಕೆ ಕಂಡಿತು. ಆ ಸಂಕಟ ನಿಮಗೆ ಬೇಡ. ಬೂಷ್ಟು ತೆಗೆಯಲು ಗೊತ್ತಿರುವವರಿಗೇ ಕೊಡಿ.

ಜಾಸ್ತಿ ಹಣ ಹಾಕಬೇಕಾದ್ದು ವಿಸಿಆರ್‌ಗೆ, ಕಂಪ್ಯೂಟರಿಗಲ್ಲ. ಟೇಪಿನಿಂದ ಸರಿಯಾಗಿ ಬರದ ಚಿತ್ರವನ್ನು ಯಾವ ಕಂಪ್ಯೂಟರೂ ಪೂರ್ತಿ ಸರಿ ಮಾಡಲಾರದು. ಕೊಳ್ಳುವ ಮುನ್ನ ನಿಮಗೆ ಮುಖ್ಯವಲ್ಲದ ಕ್ಯಾಸೆಟ್ ಹಾಕಿ ಓಡಿಸಿ ನೋಡಿ. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ಟೂ ಇದ್ದರೆ ಮಲ್ಟಿಸಿಸ್ಟಮ್ ಯಂತ್ರವೇ ಬೇಕು. ವಿಡಿಯೋ ಪದ್ಧತಿ ದೇಶಕ್ಕೆ ತಕ್ಕಂತೆ ಬೇರೆ: ನಮ್ಮದು ಪಾಲ್, ಅವರದು ಎನ್‌ಟಿಎಸ್‌ಸಿ. ಮಲ್ಟಿಸಿಸ್ಟಮ್ ಯಂತ್ರ ಎರಡನ್ನೂ ಓಡಿಸುತ್ತದೆ. ಯಂತ್ರದ ಹಿಂದೆ ಚಿತ್ರವನ್ನು ಹೆಚ್ಚು ಸ್ಪಷ್ಟವಾಗಿ ಕಳಿಸುವ ಎಸ್-ವಿಡಿಯೋ ಕಿಂಡಿ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಮಾಮೂಲಿ ಮೂರು ವೈರು ಸಾಕು: ಹಳದಿ ಚಿತ್ರಕ್ಕೆ, ಕೆಂಪು ಬಿಳಿ ಸದ್ದಿಗೆ.

ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ, ಟೇಪಿನ ಚಿತ್ರ, ಸದ್ದನ್ನು ಕಂಪ್ಯೂಟರಿಗೆ ತಲುಪಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ಬೇಕು. ಒಂದೇ ಹೆಸರಿನ ಅಗ್ಗದ ಸಾಧನಗಳಲ್ಲೂ ಒಳಗಿನ ಚಿಪ್ ಬೇರೆ ಬೇರೆ ಇರುತ್ತದೆ. ನಿಮ್ಮ ವಿಂಡೋಸ್‌ಗೆ ಡ್ರೈವರ್ (ಸಾಧನ ಕೆಲಸ ಮಾಡಲು ಬೇಕಾದ ತಂತ್ರಾಂಶ) ಸಿಗುತ್ತದೆಯೇ ಅಂತ ಮೊದಲೇ ಕೇಳಿ, ವಾಪಸ್ ತಗೊಳ್ಳುವ ಕಡೆಯೇ ಕೊಳ್ಳಿ. ಟಿವಿಗೆ ಜೋಡಿಸಲು ಬಳಸುವ ಅಗ್ಗದ ಎಚ್‌ಡಿಎಂಐ ಪರಿವರ್ತಕ ಈ ಕೆಲಸಕ್ಕೆ ಬೇಡ. ಅದು ಚಿತ್ರವನ್ನು ಹಿಗ್ಗಿಸಿ ಮಸುಕು ಮಾಡುತ್ತದೆ. ಪಾಲ್ ಟೇಪನ್ನು 720x576 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮಿನಂತೆ (ಒಂದೊಂದು ಬಿಡಿ ಚಿತ್ರವೂ ಒಂದು ಫ್ರೇಮ್) ಹಿಡಿದರೆ ಸಾಕು.

ಇನ್ನು ಕಂಪ್ಯೂಟರ್. ನಾಲ್ಕು ಕೋರ್ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಧಾರಾಳವಾಯ್ತು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ದುಡ್ಡು ದಂಡ. ಹಾರ್ಡ್‌ಡಿಸ್ಕಿನಲ್ಲಿ ಜಾಗ ಮಾತ್ರ ಬೇಕು. ಡಿವಿಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 3 ಜಿಬಿ ಹಿಡಿದರೆ, ಚಿತ್ರವನ್ನು ಕಡಿಮೆ ಕುಗ್ಗಿಸುವ ಡಿವಿ ಮಾದರಿಯಲ್ಲಿ 13 ಜಿಬಿ ಹಿಡಿಯುತ್ತದೆ. ಸಾಧನವನ್ನು ಯುಎಸ್‌ಬಿ ಹಬ್‌ಗೆ ಹಾಕದೆ ನೇರವಾಗಿ ಲ್ಯಾಪ್‌ಟಾಪಿಗೇ ಚುಚ್ಚಿ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಅಷ್ಟು ಹೊತ್ತು ಬೇರೆ ಕೆಲಸ ಅದರಲ್ಲಿ ಮಾಡಬೇಡಿ. ಫ್ರೇಮ್ ಬಿಟ್ಟುಹೋದರೆ ಸದ್ದು ಚಿತ್ರಕ್ಕಿಂತ ಹಿಂದೆ ಮುಂದೆ ಆಗುತ್ತದೆ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಡ್ರೈವ್ ಇರುವುದು ಕಡಿಮೆ. ಯುಎಸ್‌ಬಿ ಡಿವಿಡಿ ರೈಟರ್ ಕೊಳ್ಳಿ. 4.7 ಜಿಬಿ ಡಿಸ್ಕಿಗೆ ಒಂದೂವರೆ ಗಂಟೆಯಷ್ಟೇ ತುಂಬಿ, ಉದ್ದದ ಕ್ಯಾಸೆಟ್ ಎರಡು ಡಿಸ್ಕಿಗೆ ಹೋಗಲಿ. ಹಾರ್ಡ್‌ಡಿಸ್ಕಿನಲ್ಲೂ ಒಂದು ಪ್ರತಿ ಇರಲಿ. ಕ್ಯಾಸೆಟ್ಟನ್ನೂ ಬಿಸಾಡಬೇಡಿ.

ಡಿಸ್ಕ್ ಬರೆಯುವ ಮುನ್ನ ಒಂದು ಪರೀಕ್ಷೆ. ಫೈಲ್ ತೆರೆದು ನೇರವಾಗಿ ತಾಳಿ ಕಟ್ಟುವ ಹೊತ್ತಿಗೆ ಹೋಗಿ. ಗಟ್ಟಿಮೇಳದಲ್ಲಿ ಡೋಲಿಗೆ ಬೀಳುವ ಏಟು ನೋಡಿ, ಸದ್ದು ಕೇಳಿ. ಎರಡೂ ಒಟ್ಟಿಗೆ ಬಂದರೆ ಡಿಸ್ಕ್ ಬರೆಯಿರಿ. ಇಲ್ಲದಿದ್ದರೆ ಟೇಪ್ ಹಿಂದಕ್ಕೆ ಸುತ್ತಿ ಮತ್ತೊಮ್ಮೆ ರೆಕಾರ್ಡ್ ಮಾಡಿ.