ಸಾರಿಗೆ ಯೋಜನೆಯ ಸರ್ಕಾರಿ ಕೆಲಸಕ್ಕೆ ಏನು ಓದಬೇಕು, ಹೇಗೆ ಓದಬೇಕು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಸಾರಿಗೆ ಇಲಾಖೆ ಬೇರೆ, ಸಾರಿಗೆ ಯೋಜನೆ ಬೇರೆ. ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರ ಹುದ್ದೆಗೆ ಆಟೊಮೊಬೈಲ್ ಇಲ್ಲವೇ ಮೆಕ್ಯಾನಿಕಲ್ ಓದಿದವರು ಬೇಕು. ಅಲ್ಲಿನ ಕೆಲಸ ಗಾಡಿ, ಲೈಸೆನ್ಸು, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ). ಯಾವ ರಸ್ತೆ ಅಗಲ ಆಗಬೇಕು, ಸಿಟಿ ಬಸ್ ಎಲ್ಲಿ ನಿಲ್ಲಬೇಕು, ಊರಿಗೆ ಬೈಪಾಸ್ ಬೇಕಾ ಅನ್ನೋದನ್ನೆಲ್ಲ ನೋಡುವವರು ಲೋಕೋಪಯೋಗಿ ಇಲಾಖೆ, ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ, ಪಾಲಿಕೆಯವರು. ಇದಕ್ಕೆಂದೇ 2007ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಶುರುವಾಯಿತು. ಅದನ್ನು ಎಲ್ಲರೂ ಡಲ್ಟ್ ಅನ್ನುತ್ತಾರೆ.

ಹಾಗಾಗಿ "ಸಾರಿಗೆ ಯೋಜನೆ" ಅಂತ ಹೆಸರಿರುವ ಪರೀಕ್ಷೆಗೆ ಕಾಯುತ್ತಾ ಕೂರಬೇಡಿ. ದಾವಣಗೆರೆಯಲ್ಲಿ ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಸಿವಿಲ್ ಓದುತ್ತಿರುವವರು ಹೆಚ್ಚಾಗಿ ಸಿವಿಲ್ ಬಾಗಿಲಿನಿಂದಲೇ ಒಳಗೆ ಹೋಗಬೇಕು. ರಾಜ್ಯದಲ್ಲಿ ಕೆಪಿಎಸ್‌ಸಿ ಸಹಾಯಕ ಎಂಜಿನಿಯರ್ ಪರೀಕ್ಷೆ ಇದೆ. ಒಂದು ಪತ್ರಿಕೆ ಸಾಮಾನ್ಯ ಜ್ಞಾನದ್ದು, ಇನ್ನೊಂದು ಸಿವಿಲ್‌ದು. ಕೇಂದ್ರದಲ್ಲಿ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವಿಸಸ್. ಪ್ರಿಲಿಮ್ಸ್ 500 ಅಂಕ, ಮೇನ್ಸ್ 600, ಸಂದರ್ಶನ 200, ಒಟ್ಟು 1300. ಕೇಂದ್ರ ಹೆದ್ದಾರಿ ಸಚಿವಾಲಯದ ರಸ್ತೆ ಎಂಜಿನಿಯರ್‌ಗಳ ಸೇವೆಗೆ ಹೋಗುವ ದಾರಿಯೂ ಇದೇ. ಸಾರಿಗೆ ಇರುವುದು ಮೇನ್ಸ್ ಎರಡನೇ ಪತ್ರಿಕೆಯಲ್ಲಿ, ನೀರು, ಪರಿಸರ, ಮಣ್ಣು, ಸರ್ವೇ ಜೊತೆಗೆ. ಹೆದ್ದಾರಿ ಮಾತ್ರ ಅಂದುಕೊಳ್ಳಬೇಡಿ. ರೈಲ್ವೆ, ಬಂದರು, ವಿಮಾನ ನಿಲ್ದಾಣ, ಸುರಂಗ ಎಲ್ಲಾ ಅದರಲ್ಲೇ ಬರುತ್ತವೆ.

ಐಎಎಸ್ ಕಡೆ ಮನಸ್ಸಿರುವವರಿಗೆ ಸಿವಿಲ್ ಎಂಜಿನಿಯರಿಂಗ್ ಐಚ್ಛಿಕ ವಿಷಯವಾಗಿ ಸಿಗುತ್ತದೆ, ತಲಾ 250 ಅಂಕದ ಎರಡು ಪತ್ರಿಕೆ. ಅದನ್ನು ತೆಗೆದುಕೊಳ್ಳದಿದ್ದರೂ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ ನಗರೀಕರಣ, ಮೂರನೆಯದರಲ್ಲಿ ರಸ್ತೆ, ರೈಲು, ಬಂದರು ಬಂದೇ ಬರುತ್ತವೆ. ಭೂಗೋಳ ತೆಗೆದುಕೊಂಡವರಿಗೂ ಸಾರಿಗೆ ತಪ್ಪಿದ್ದಲ್ಲ.

ಇನ್ನೊಂದು ದಾರಿ ಗೇಟ್, ಅಂದರೆ ಎಂ.ಟೆಕ್‌ನಂಥ ಸ್ನಾತಕೋತ್ತರ ಕೋರ್ಸುಗಳ ಪ್ರವೇಶ ಪರೀಕ್ಷೆ. ಸಿವಿಲ್ ಪತ್ರಿಕೆ ಬರೆದು ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಸಾರಿಗೆಯಲ್ಲೇ ಎಂ.ಟೆಕ್ ಮಾಡಬಹುದು. ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಪತ್ರಿಕೆ ಬರೆದು ದೆಹಲಿಯ ಎಸ್‌ಪಿಎಯಲ್ಲಿ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಸಾರಿಗೆ ಯೋಜನೆಯ ಸ್ನಾತಕೋತ್ತರ ಪದವಿಗೆ ಪ್ರಯತ್ನಿಸಬಹುದು. ನಿಜವಾಗಿ ಯೋಜಕರೇ ಆಗಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಎರಡು ವರ್ಷ ಜಾಸ್ತಿ ಹೋಗುತ್ತದೆ, ಆದರೆ ಆಮೇಲೆ ಮಾಡುವ ಕೆಲಸ ಬೇರೆಯೇ ಇರುತ್ತದೆ.

ಈಗ ಓದುವ ವಿಷಯಕ್ಕೆ ಬರೋಣ. ನಾನು ಹೋಗುತ್ತಿದ್ದ ಒಂದು ಕೋಚಿಂಗ್‌ನಲ್ಲಿ ಸಾರಿಗೆಯನ್ನು ಕೊನೆಯ ವಾರಕ್ಕೆ ತಳ್ಳಿ ಎರಡೇ ಕ್ಲಾಸಿನಲ್ಲಿ ಮುಗಿಸಿಬಿಟ್ಟರು. ಸೂತ್ರದ ಹಾಳೆ ಕೊಟ್ಟು ಬಾಯಿಪಾಠ ಮಾಡಿ ಅಂದರು. ಮಾಡಿದೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದರು, ಕೈ ನಿಂತುಹೋಯಿತು. ಆಮೇಲೆ ನಾನು ಓದಿದ್ದು ರಸ್ತೆಯಲ್ಲಿ ನಿಂತುಕೊಂಡು.

ನೀವೂ ಒಂದು ನೋಟ್‌ಬುಕ್ ಹಿಡಿದು ಬೆಳಗ್ಗೆ ಒಂಬತ್ತೂವರೆಗೆ ದಾವಣಗೆರೆಯ ಗಾಂಧಿ ಸರ್ಕಲ್ ಹತ್ತಿರ ಪಿ.ಬಿ. ರಸ್ತೆ ಬದಿಗೆ ಹೋಗಿ ನಿಲ್ಲಿ. ಒಂದೇ ದಿಕ್ಕಿಗೆ ಹೋಗುವ ಗಾಡಿಗಳನ್ನು ಹದಿನೈದು ನಿಮಿಷ ಎಣಿಸಿ. ಲೆಕ್ಕಕ್ಕೆ 200 ಬೈಕು, 60 ಆಟೊ, 40 ಕಾರು, 10 ಬಸ್ಸು, ಮೆಕ್ಕೆಜೋಳ ತುಂಬಿದ 5 ಟ್ರ್ಯಾಕ್ಟರ್ ಅಂತ ಇಟ್ಟುಕೊಳ್ಳಿ. ಇವನ್ನೆಲ್ಲ ಕಾರಿನ ಲೆಕ್ಕಕ್ಕೆ ತರುವುದೇ ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್). ನಗರದ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಮಾರ್ಗಸೂಚಿ ಐಆರ್‌ಸಿ 106 ನೋಡಿ. ಅಲ್ಲಿ ಬೈಕಿಗೆ 0.5 ಅಂತ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಆದರೆ ಅದು ಒಟ್ಟು ಗಾಡಿಗಳಲ್ಲಿ ಬೈಕುಗಳ ಪಾಲು ಶೇ 5ರಷ್ಟಿದ್ದಾಗ ಮಾತ್ರ, ಶೇ 10 ದಾಟಿದರೆ 0.75 ಆಗುತ್ತದೆ, ನಮ್ಮೂರಲ್ಲಂತೂ ದಾಟಿಯೇ ಇರುತ್ತದೆ ಅಲ್ವಾ? ಆಟೊಗೂ ಹಾಗೇ, 1.2 ಇದ್ದದ್ದು 2 ಆಗುತ್ತದೆ. ಬಸ್ಸು ಕಡಿಮೆ ಇರುವುದರಿಂದ 2.2, ಟ್ರ್ಯಾಕ್ಟರ್ ಟ್ರೇಲರಿಗೆ 4. ಈಗ ಕೂಡಿ: 150, 120, 40, 22, 20. ಒಟ್ಟು 352, ಗಂಟೆಗೆ 1408. ಒಂದು ಸಲ ಹೀಗೆ ಕೈಯಾರೆ ಮಾಡಿದರೆ ಆ ಕೋಷ್ಟಕ ಜನ್ಮದಲ್ಲಿ ಮರೆಯುವುದಿಲ್ಲ.

ಜನರ ಓಡಾಟ ಎಷ್ಟಾಗುತ್ತದೆ ಅಂತ ಅಂದಾಜು ಮಾಡುವ ನಾಲ್ಕು ಹಂತದ ಮಾದರಿಯನ್ನೂ ಊರಿನ ಮೇಲೆ ಇಟ್ಟು ನೋಡಿ. ವಿದ್ಯಾನಗರದಿಂದ ಬೆಳಗ್ಗೆ ಎಷ್ಟು ಜನ ಹೊರಡುತ್ತಾರೆ ಅನ್ನೋದು ಟ್ರಿಪ್ ಜನರೇಷನ್. ಅವರಲ್ಲಿ ಕಾಲೇಜಿಗೆಷ್ಟು, ಎಪಿಎಂಸಿಗೆಷ್ಟು, ಆಸ್ಪತ್ರೆಗೆಷ್ಟು ಅನ್ನೋದು ಡಿಸ್ಟ್ರಿಬ್ಯೂಷನ್. ಸ್ಕೂಟರೋ ಸಿಟಿ ಬಸ್ಸೋ ಅನ್ನೋದು ಮೋಡ್ ಚಾಯ್ಸ್. ಯಾವ ರಸ್ತೆ ಹಿಡಿಯುತ್ತಾರೆ ಅನ್ನೋದು ಅಸೈನ್‌ಮೆಂಟ್. ಚಿತ್ರದುರ್ಗದವರಿಗೆ ಇನ್ನೊಂದು ಅನುಕೂಲ ಇದೆ. ರಾಷ್ಟ್ರೀಯ ಹೆದ್ದಾರಿ 48 ಮತ್ತು 50 ಸೇರುವ ಊರು ಅದು. ಹೊಸಪೇಟೆ ಕಡೆಯಿಂದ ಬಂದು ಬೆಂಗಳೂರಿಗೆ ಹೋಗುವ ಲಾರಿಗೆ ಊರೊಳಗೆ ಏನೂ ಕೆಲಸ ಇಲ್ಲ. ಅಂಥ ಗಾಡಿ ಎಷ್ಟಿವೆ ಅಂತ ಕಂಡುಹಿಡಿಯುವುದೇ ಒರಿಜಿನ್-ಡೆಸ್ಟಿನೇಷನ್ ಸರ್ವೇ. ಬೈಪಾಸ್ ಬೇಕೋ ಬೇಡವೋ ಅನ್ನುವುದಕ್ಕೆ ಅದೇ ಆಧಾರ.

ಜಿಯೊಮೆಟ್ರಿಕ್ ಡಿಸೈನ್‌ನಲ್ಲಿ, ಅಂದರೆ ರಸ್ತೆಯ ಅಗಲ, ತಿರುವು, ಏರಿಳಿತದ ವಿನ್ಯಾಸದಲ್ಲಿ, ಸೂತ್ರಕ್ಕಿಂತ ಕಾರಣ ಹಿಡಿದುಕೊಳ್ಳಿ. ಗಾಡಿ ನಿಲ್ಲಿಸಲು ಬೇಕಾದ ದೂರದಲ್ಲಿ ಎರಡು ಭಾಗ ಇದೆ. ಬ್ರೇಕ್ ಒತ್ತುವ ಮೊದಲಿನ ಎರಡೂವರೆ ಸೆಕೆಂಡಿನಲ್ಲಿ ಓಡುವುದು ಒಂದು, ಒತ್ತಿದ ಮೇಲೆ ಓಡುವುದು ಇನ್ನೊಂದು. 50 ಕಿ.ಮೀ. ವೇಗಕ್ಕೆ ಒಟ್ಟು ಸುಮಾರು 61 ಮೀಟರ್, 100ಕ್ಕೆ ಸುಮಾರು 182. ವೇಗ ಎರಡರಷ್ಟು, ದೂರ ಮೂರರಷ್ಟು. ಯಾಕೆಂದರೆ ಎರಡನೇ ಭಾಗ ವೇಗದ ವರ್ಗದಂತೆ ಬೆಳೆಯುತ್ತದೆ. ಹೆದ್ದಾರಿ ದಾಟುವ ಹಳ್ಳಿ ಜನರ ಜೀವ ಈ ಲೆಕ್ಕದ ಮೇಲಿದೆ, ಹಾಗಾಗಿ ಇದನ್ನು ಸುಮ್ನೆ ಎರಡು ಅಂಕದ ಪ್ರಶ್ನೆ ಅಂತ ನೋಡಬೇಡಿ.

ಇತಿಹಾಸಕ್ಕೆ ಒಂದು ಸಂಜೆ ಸಾಕು. 1927 ರಸ್ತೆ ಅಭಿವೃದ್ಧಿಯ ಜಯಕರ್ ಸಮಿತಿ, 1934 ಐಆರ್‌ಸಿ, 1943 ನಾಗಪುರ ರಸ್ತೆ ಯೋಜನೆ, 1988 ಮೋಟಾರು ವಾಹನ ಕಾಯ್ದೆ, 2006 ರಾಷ್ಟ್ರೀಯ ನಗರ ಸಾರಿಗೆ ನೀತಿ. ನಮ್ಮ ರಾಜ್ಯದ ನಗರ ಯೋಜನಾ ಕಾಯ್ದೆ 1961ರದ್ದು. ಇದರಲ್ಲಿ 2006ರ ನೀತಿಯನ್ನು ಮಾತ್ರ ಪೂರ್ತಿ ಓದಿ. ಗಾಡಿ ಸಾಗುವುದಲ್ಲ, ಜನ ಸಾಗುವುದು ಮುಖ್ಯ ಅನ್ನೋದು ಅದರ ತಿರುಳು, ಸಂದರ್ಶನದಲ್ಲೂ ಉಪಯೋಗಕ್ಕೆ ಬರುತ್ತದೆ.

ಸಾರಿಗೆ ಇಷ್ಟ ಅಂತ ಕಾಂಕ್ರೀಟು, ಮಣ್ಣು, ನೀರು ಬಿಟ್ಟುಬಿಟ್ಟರೆ ಆಯ್ಕೆಯಾಗುವುದಿಲ್ಲ. ಅಂಕ ಅಲ್ಲೇ ಜಾಸ್ತಿ. ಕೆಪಿಎಸ್‌ಸಿಯಲ್ಲಿ ತಪ್ಪು ಉತ್ತರಕ್ಕೆ ಕಾಲು ಭಾಗ, ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಮೂರನೇ ಒಂದು ಭಾಗ ಅಂಕ ಹೋಗುತ್ತದೆ ಅನ್ನೋದೂ ತಲೆಯಲ್ಲಿರಲಿ.

ಇನ್ನು ಕೆಪಿಎಸ್‌ಸಿಯ ಕಡ್ಡಾಯ ಕನ್ನಡ ಪರೀಕ್ಷೆ. 150ಕ್ಕೆ 50 ಬರಲೇಬೇಕು. ನಾಲ್ಕು ವರ್ಷ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಬಂದವರಿಗೆ ಒಂದು ಪುಟ ಕನ್ನಡ ಬರೆಯುವಾಗ ಒತ್ತಕ್ಷರ ತಡವರಿಸುತ್ತದೆ. ಗಾಂಧಿ ಸರ್ಕಲ್‌ನಲ್ಲಿ ಎಣಿಸಿದ್ದನ್ನೇ ಒಂದು ಪುಟದ ವರದಿಯಾಗಿ ಕನ್ನಡದಲ್ಲಿ ಬರೆದು, ಮನೆಯಲ್ಲಿ ಸಿವಿಲ್ ಓದದ ಯಾರಿಗಾದರೂ ಕೊಟ್ಟು ಓದಿಸಿ. ಅವರಿಗೆ ಎಲ್ಲಿ ಅರ್ಥವಾಗಲಿಲ್ಲವೋ ಆ ಸಾಲನ್ನು ಮತ್ತೆ ಬರೆಯಿರಿ.