ಪೈಕಾನ್‌ಗೆ ಹೊರಟಿದ್ದೀರಾ? ಹಾಲ್ ಬಿಟ್ಟು ಕಾರಿಡಾರಿಗೆ ಬನ್ನಿ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರು ಸೇರುವ ಪೈಕಾನ್ ಇಂಡಿಯಾದಂಥ ದೊಡ್ಡ ಡೆವಲಪರ್ ಸಮ್ಮೇಳನಕ್ಕೆ ಮೊದಲ ಸಲ ಬರುವ ಕಾಲೇಜು ಹುಡುಗ ಹುಡುಗಿಯರನ್ನು ನಾನು ಗಮನಿಸುತ್ತಲೇ ಇರುತ್ತೇನೆ. ಬೆಳಿಗ್ಗೆ ಬಂದವರೇ ಮೊದಲ ಟಾಕ್‌ಗೆ ಕೂರುತ್ತಾರೆ. ಅದು ಮುಗಿದ ಕೂಡಲೇ ಪಕ್ಕದ ಹಾಲ್‌ಗೆ ಓಡುತ್ತಾರೆ. ಊಟದ ಸಾಲಿನಲ್ಲಿ ಮೊಬೈಲ್ ನೋಡುತ್ತ ನಿಲ್ಲುತ್ತಾರೆ. ಸಂಜೆ ಒಂದು ಟೀ-ಶರ್ಟು, ಒಂದಿಷ್ಟು ಸ್ಟಿಕ್ಕರು ಹಿಡಿದು ಬಸ್ ಹತ್ತುತ್ತಾರೆ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರು ಒಬ್ಬರ ಪರಿಚಯವನ್ನೂ ಮಾಡಿಕೊಳ್ಳದೆ ವಾಪಸ್ ಹೋಗುವುದು ನೋಡಿದರೆ ಸಂಕಟವಾಗುತ್ತದೆ. ಅವರು ಕೂತು ಕೇಳಿದ ಟಾಕ್‌ಗಳು ಆಮೇಲೆ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕಾರಿಡಾರಿನಲ್ಲಿ ನಿಂತಿದ್ದ ಜನ ಅಲ್ಲಿ ಸಿಗುವುದಿಲ್ಲ.

ಪೈಕಾನ್ ಇಂಡಿಯಾ ಶುರುವಾಗಿದ್ದು 2009ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನಂತರ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಎಲ್ಲ ಸುತ್ತಿತು. 2024 ಮತ್ತು 2025ರಲ್ಲಿ ಮತ್ತೆ ಬೆಂಗಳೂರಿನಲ್ಲೇ ನಡೆಯಿತು, ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ. ಇದನ್ನು ನಡೆಸುವುದು ಯಾವುದೋ ಕಂಪನಿ ಅಲ್ಲ. ಪೈಥಾನ್ ಸಾಫ್ಟ್‌ವೇರ್ ಸೊಸೈಟಿ ಆಫ್ ಇಂಡಿಯಾ ಮತ್ತು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಭಾರತದ ಪೈಥಾನ್ ಸಮುದಾಯ ಕಟ್ಟಿದವರಲ್ಲೊಬ್ಬರಾದ, 2012ರಲ್ಲಿ ತೀರಿಕೊಂಡ ಕೆನ್ನೆತ್ ಗೊನ್ಸಾಲ್ವಿಸ್ ಅವರ ಹೆಸರಿನಲ್ಲಿ, ಸಮುದಾಯಕ್ಕಾಗಿ ದುಡಿದವರಿಗೆ ಪ್ರಶಸ್ತಿಯನ್ನೂ ಕೊಡುತ್ತಾರೆ. ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಕೈಗೆ ಬ್ಯಾಡ್ಜ್ ಕೊಡುವವರೇ ನೀವು ದಿನಾ ಬಳಸುವ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಕೋಡ್ ಬರೆದವರಾಗಿರಬಹುದು. ಇಂಡಿಯಾಫಾಸ್ ಎಂಬ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್) ಸಮ್ಮೇಳನಕ್ಕೆ ಹೋಗುವವರಿಗೂ ಕೆಳಗಿನದೆಲ್ಲ ಅನ್ವಯಿಸುತ್ತದೆ.

ಹಂತ 1: ಟಿಕೆಟ್

ಮುಂಚೆಯೇ ತಗೊಳ್ಳಿ, ಅಗ್ಗ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯಾ ನೋಡಿ. ದುಡ್ಡಿಗೆ ಕಷ್ಟ ಇದ್ದರೆ ಆರ್ಥಿಕ ನೆರವಿಗೆ ಅರ್ಜಿ ಹಾಕಿ. ಅದಕ್ಕೆ ನಾಚಿಕೆ ಬೇಡ, ಆ ಹಣ ಇರುವುದೇ ನಿಮಗಾಗಿ. ಪ್ರಯಾಣ ಎಲ್ಲಿಂದ, ಖರ್ಚು ಎಷ್ಟು, ನೀವು ಏನು ಕಲಿಯುತ್ತಿದ್ದೀರಿ ಎಂದು ಸರಳವಾಗಿ ಬರೆದರೆ ಸಾಕು. ವರ್ಕ್‌ಶಾಪ್‌ಗೆ ಬೇರೆ ಟಿಕೆಟ್ ಇರುತ್ತದೆ. ನನ್ನನ್ನು ಕೇಳಿದರೆ ಮೊದಲ ವರ್ಷ ಅದು ಬೇಡ. ಆ ದುಡ್ಡಿನಲ್ಲಿ ಇನ್ನೊಂದು ರಾತ್ರಿ ಬೆಂಗಳೂರಲ್ಲೇ ಉಳಿದು ಡೆವ್‌ಸ್ಪ್ರಿಂಟ್‌ಗೆ, ಅಂದರೆ ಒಟ್ಟಿಗೆ ಕೂತು ಕೋಡ್ ಬರೆಯುವ ದಿನಕ್ಕೆ, ಹೋಗಿ.

ಇಲ್ಲೇ ಒಂದು ಎಚ್ಚರಿಕೆ. 'ಅಂತರರಾಷ್ಟ್ರೀಯ ಸಮ್ಮೇಳನ, ಭಾಗವಹಿಸಿದವರಿಗೆಲ್ಲ ಸರ್ಟಿಫಿಕೇಟ್' ಎಂದು ಕಾಲೇಜು ಹುಡುಗರಿಗೆ ಮೇಲ್ ಬರುತ್ತಿರುತ್ತದೆ. ಹಿಂದಿನ ವರ್ಷದ ಟಾಕ್‌ಗಳ ವಿಡಿಯೊ ಇಲ್ಲ, ನಡೆಸುವವರ ಹೆಸರಿಲ್ಲ, ಸರ್ಟಿಫಿಕೇಟ್ ಬಿಟ್ಟು ಬೇರೆ ಮಾತಿಲ್ಲ ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಂತ 2: ದಾರಿ ಮತ್ತು ಚೀಲ

ಸಮ್ಮೇಳನ ನಿಮ್ಹಾನ್ಸ್‌ನಲ್ಲೇ ಆದರೆ, ಆ ಕನ್ವೆನ್ಷನ್ ಸೆಂಟರ್ ಇರುವುದು ಹೊಸೂರು ರಸ್ತೆಯಲ್ಲಿ. ಆಟೊದವರಿಗೆ ಬರೀ 'ನಿಮ್ಹಾನ್ಸ್' ಅಂದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. 'ಕನ್ವೆನ್ಷನ್ ಸೆಂಟರ್' ಅಂತ ಬಿಡಿಸಿ ಹೇಳಿ. ಪಕ್ಕದಲ್ಲಿ ರೋಗಿಗಳು, ಅವರ ಮನೆಯವರು ಇರುತ್ತಾರೆ. ರಸ್ತೆಯಲ್ಲಿ ಗುಂಪು ಕಟ್ಟಿ ಗಲಾಟೆ ಮಾಡಬೇಡಿ.

ಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್, ಪೆನ್ನು, ನೀರು, ಮೊಬೈಲ್ ಚಾರ್ಜರ್. ಟಾಕ್ ಇರುವ ದಿನ ಲ್ಯಾಪ್‌ಟಾಪ್ ರೂಮಿನಲ್ಲೇ ಇರಲಿ. ಅದನ್ನು ತೆರೆದು ಕೂತವರನ್ನು ಯಾರೂ ಮಾತಾಡಿಸುವುದಿಲ್ಲ, ಹೆಗಲು ನೋವು ಬೇರೆ. ಬೆಳಿಗ್ಗೆ ತಿಂಡಿ ತಿಂದೇ ಹೊರಡಿ.

ಹಂತ 3: ಹಿಂದಿನ ರಾತ್ರಿ ವೇಳಾಪಟ್ಟಿ

ದಿನಕ್ಕೆ ಮೂರು ಟಾಕ್ ಗುರುತು ಹಾಕಿ. ನಾಲ್ಕನೆಯದು ಬೇಡ. ಪ್ರಶ್ನೆ ಕೇಳಬೇಕು ಅನ್ನಿಸುವ ವಿಷಯ ಆರಿಸಿ. ಸುಮ್ನೆ ದೊಡ್ಡ ಹೆಸರು ಅಂತ ಹೋಗುವುದಾದರೆ ವಿಡಿಯೊ ಸಾಕು. ಲೈಟ್ನಿಂಗ್ ಟಾಕ್ ಮಾತ್ರ ತಪ್ಪಿಸಬೇಡಿ. ಒಬ್ಬೊಬ್ಬರಿಗೂ ಐದೇ ನಿಮಿಷ. ಒಂದು ಗಂಟೆಯಲ್ಲಿ ಹತ್ತು ಜನ ಏನೇನು ಮಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಆಮೇಲೆ ಯಾರನ್ನು ಹುಡುಕಿ ಮಾತಾಡಿಸಬೇಕು ಅನ್ನುವುದೂ ತಿಳಿಯುತ್ತದೆ.

ಹಂತ 4: ಸ್ಟಾಲ್‌ಗಳು

ಅರ್ಧ ಗಂಟೆ ಸಾಕು. ನಿಮ್ಮ ಬ್ಯಾಡ್ಜಿನ ಕ್ಯೂಆರ್ ಕೋಡನ್ನು ಯಾರಾದರೂ ಸ್ಕ್ಯಾನ್ ಮಾಡುವ ಮುಂಚೆ 'ಇದರಿಂದ ನನ್ನ ಫೋನ್ ನಂಬರ್ ನಿಮಗೆ ಹೋಗುತ್ತಾ?' ಎಂದು ಕೇಳಿ. ಒಂದು ಕಾಲುಚೀಲಕ್ಕಾಗಿ ನಂಬರ್ ಕೊಟ್ಟು ವರ್ಷವಿಡೀ ಮಾರಾಟದ ಕರೆ ತಗೊಳ್ಳುವವರಿದ್ದಾರೆ. ಇಂಥದ್ದಕ್ಕೆ ಬೇರೆಯೇ ಒಂದು ಇಮೇಲ್ ಇಟ್ಟುಕೊಳ್ಳಿ. ಪುಕ್ಕಟೆ ಹಂಚುವ ಪವರ್ ಬ್ಯಾಂಕ್ ನಂಬಿಕೊಂಡು ದಿನ ಕಳೆಯಬೇಡಿ, ಅಂಥವು ಮಧ್ಯಾಹ್ನದ ಹೊತ್ತಿಗೇ ಕೈಕೊಡುತ್ತವೆ. ಕೆಲಸ ಹುಡುಕುತ್ತಿದ್ದರೆ ಸ್ಟಾಲಿನಲ್ಲಿ ಎಚ್‌ಆರ್ ಬದಲು ಎಂಜಿನಿಯರ್ ಯಾರು ಅಂತ ಕೇಳಿ, ಅವರ ಹತ್ತಿರ ಮಾತಾಡಿ.

ಹಂತ 5: ಮಾತಾಡಿಸುವುದು

ಎಲ್ಲರೂ ಸೋಲುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ತಯಾರಿ. ಊರಿಂದ ಹೊರಡುವ ಮುಂಚೆಯೇ ನಿಮ್ಮದೇ ಒಂದು ಸಮಸ್ಯೆ ಆರಿಸಿಕೊಳ್ಳಿ. ಪರೀಕ್ಷೆಗಾಗಿ ಮಾಡಿದ್ದಲ್ಲ, ನಿಜಕ್ಕೂ ನಿಮ್ಮ ತಲೆ ತಿಂದದ್ದು. ಉದಾಹರಣೆಗೆ: 'ತಾತನ ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ಸಾಫ್ಟ್‌ವೇರಿನಲ್ಲಿ ಓದಿಸುತ್ತಿದ್ದೇನೆ. ಒತ್ತಕ್ಷರ ಬಂದಾಗೆಲ್ಲ ತಪ್ಪಾಗುತ್ತಿದೆ.' ಎರಡೇ ವಾಕ್ಯ. ಕನ್ನಡಿ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಇದು ಬಾಯಿಗೆ ಬಂದಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. 'ಟಾಕ್ ಸೂಪರ್ ಆಗಿತ್ತು ಸರ್' ಅಂದರೆ ಎದುರಿನವರು ಥ್ಯಾಂಕ್ಸ್ ಹೇಳುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. 'ಜಾಬ್ ಇದೆಯಾ ಸರ್' ಅಂದರೂ ಅಷ್ಟೇ. ಸಮಸ್ಯೆ ಮುಂದಿಟ್ಟರೆ ಎಂಜಿನಿಯರ್ ಆದವರು ಸುಮ್ಮನಿರಲಾರರು. ಯಾವ ವರ್ಷದ ಪುಸ್ತಕ, ಸ್ಕ್ಯಾನ್ ಎಷ್ಟು ಸ್ಪಷ್ಟ (ಡಿಪಿಐ), ಮಾಡೆಲ್ ಯಾವುದು ಅಂತ ಅವರೇ ಕೇಳಲು ಶುರು ಮಾಡುತ್ತಾರೆ.

ಇನ್ನು ಸಮಯ. ಬಿಡುವಿನ ಹೊತ್ತಲ್ಲಿ ಕಾರಿಡಾರ್ ತುಂಬಿ ತುಳುಕುತ್ತದೆ, ಆಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಮುಂದಿನ ಟಾಕ್ ಶುರುವಾಗಿ ಹತ್ತು ನಿಮಿಷವಾದ ಮೇಲೆ ಹೊರಗೆ ಬನ್ನಿ. ಅರ್ಧ ಜನ ಒಳಗಿರುತ್ತಾರೆ. ಹೊರಗೆ ಉಳಿದವರು ಮಾತಾಡಲೆಂದೇ ಉಳಿದವರು. ಹಳಬರು ಇದನ್ನೇ ಹಾಲ್‌ವೇ ಟ್ರ್ಯಾಕ್ ಅನ್ನುತ್ತಾರೆ.

ಎಲ್ಲಿ ನಿಲ್ಲಬೇಕು? ಬಾಗಿಲ ಹತ್ತಿರ ಬೇಡ, ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಕಾಫಿ ಮೇಜಿನ ಕೊನೆ, ಚಾರ್ಜಿಂಗ್ ಪಾಯಿಂಟ್ ಪಕ್ಕ, ಪೋಸ್ಟರ್‌ಗಳ ಎದುರು ಒಳ್ಳೆಯದು. ಮೊಟ್ಟಮೊದಲು ಮಾತಾಡಿಸಬೇಕಾದವರು ತಮ್ಮ ಕೆಲಸದ ಪೋಸ್ಟರ್ ಹಾಕಿಕೊಂಡು ನಿಂತವರೇ. ಯಾರಾದರೂ ಬಂದು ಕೇಳಲಿ ಅಂತಲೇ ಅವರು ಕಾಯುತ್ತಿರುತ್ತಾರೆ. 'ಇದರಲ್ಲಿ ಯಾವ ಭಾಗ ಜಾಸ್ತಿ ಕಾಡಿಸಿತು?' ಎಂದು ಕೇಳಿ ನೋಡಿ. ಹದಿನೈದು ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ.

ಟಾಕ್ ಕೊಟ್ಟವರನ್ನು ವೇದಿಕೆಯ ಕೆಳಗೆ ಹಿಡಿಯಬೇಡಿ. ಹತ್ತು ಜನ ಮುತ್ತಿಕೊಂಡಿರುತ್ತಾರೆ, ನಿಮ್ಮ ಪಾಲಿಗೆ ಅರ್ಧ ನಿಮಿಷ. ಊಟದ ಹೊತ್ತಲ್ಲಿ ಹುಡುಕಿ. ಎಷ್ಟೋ ಸಲ ಅವರು ತಟ್ಟೆ ಹಿಡಿದು ಒಬ್ಬರೇ ನಿಂತಿರುತ್ತಾರೆ.

ಗುಂಪಿಗೆ ಸೇರುವುದು ಇನ್ನೊಂದು ಕಷ್ಟ. ಸಾಫ್ಟ್‌ವೇರ್ ಬಳಕೆಯ ವಿವರಣೆಗಳನ್ನು ಇಡುವ ರೀಡ್ ದ ಡಾಕ್ಸ್ ತಾಣ ಕಟ್ಟಿದವರಲ್ಲೊಬ್ಬರಾದ ಎರಿಕ್ ಹೋಲ್ಷರ್ ಇದಕ್ಕೊಂದು ಉಪಾಯ ಹೇಳಿ, ಬಾಯಿ ತೆರೆದ ವೃತ್ತದಂತಿರುವ ವಿಡಿಯೊ ಗೇಮ್ ಪಾತ್ರದ ಹೆಸರಲ್ಲಿ ಪ್ಯಾಕ್‌ಮ್ಯಾನ್ ನಿಯಮ ಎಂದು ಕರೆದರು. ವೃತ್ತವಾಗಿ ನಿಂತು ಮಾತಾಡುವಾಗ ಒಬ್ಬರಿಗಾಗುವಷ್ಟು ಜಾಗ ಸದಾ ಖಾಲಿ ಬಿಡಬೇಕು. ಅಂಥ ಖಾಲಿ ಜಾಗ ಕಂಡರೆ ಅದು ನಿಮಗಾಗಿಯೇ ಬಿಟ್ಟದ್ದು, ಹೋಗಿ ನಿಲ್ಲಿ. ಎರಡು ಮೂರು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನೀವು ಗುಂಪಿನಲ್ಲಿದ್ದಾಗ ಹೊಸಬರಿಗೆ ಜಾಗ ಬಿಡಿ.

ಇಂಗ್ಲಿಷ್ ಸರಾಗ ಇಲ್ಲ ಅನ್ನುವ ಅಳುಕು ಬಹಳ ಜನರಿಗೆ ಇರುತ್ತದೆ. ದಯವಿಟ್ಟು ಅದನ್ನು ಬಿಡಿ. ಬೆಂಗಳೂರಿನ ಸಮ್ಮೇಳನದಲ್ಲಿ ಕನ್ನಡದವರು ಬೇಕಾದಷ್ಟು ಇರುತ್ತಾರೆ, ಸ್ವಯಂಸೇವಕರಲ್ಲೂ ಇರುತ್ತಾರೆ. 'ಕನ್ನಡದಲ್ಲಿ ಮಾತಾಡಬಹುದಾ?' ಎಂದು ನೇರವಾಗಿ ಕೇಳಿ. ಫಂಕ್ಷನ್, ಲೂಪ್, ಡೇಟಾಬೇಸ್ ಅನ್ನುವ ಪದಗಳು ಹೇಗೂ ಇಬ್ಬರಿಗೂ ಗೊತ್ತು. ಉಳಿದದ್ದನ್ನು ಅಮ್ಮನ ಹತ್ತಿರ ಮಾತಾಡುವ ಭಾಷೆಯಲ್ಲೇ ಹೇಳಿದರೆ ನಿಮ್ಮ ಯೋಚನೆ ಎಷ್ಟು ಸ್ಪಷ್ಟ ಅನ್ನುವುದು ಎದುರಿನವರಿಗೆ ಕಾಣುತ್ತದೆ.

ಗೆಳೆಯರ ಜೊತೆ ಬಂದಿದ್ದರೆ ಒಳಗೆ ಹೋದ ಮೇಲೆ ಬೇರೆ ಬೇರೆಯಾಗಿ. ಐದು ಜನ ಒಟ್ಟಿಗೆ ನಿಂತರೆ ಆರನೆಯವರು ಬರುವುದಿಲ್ಲ. ಸಂಜೆ ಕೂತು ಯಾರಿಗೆ ಏನು ಸಿಕ್ಕಿತು ಅಂತ ಹಂಚಿಕೊಳ್ಳಿ.

ಹುಡುಗರಿಗೆ ಒಂದು ಮಾತು. ಕೋಡ್ ಬಗ್ಗೆ ಮಾತಾಡಲು ಬಂದ ಹೆಣ್ಣುಮಗಳ ಹತ್ತಿರ ಕೋಡ್ ಬಗ್ಗೆಯೇ ಮಾತಾಡಿ. ವೈಯಕ್ತಿಕ ನಂಬರ್ ಕೇಳುವುದು, ಹೇಳದೆ ಫೋಟೊ ತೆಗೆಯುವುದು ಕೂಡದು. ನಡವಳಿಕೆ ನಿಯಮಾವಳಿ ಇರುವುದು ಪಾಲಿಸಲಿಕ್ಕೆ. ಯಾರಿಂದಲಾದರೂ ಕಿರಿಕಿರಿಯಾದರೆ ಸ್ವಯಂಸೇವಕರ ಹತ್ತಿರ ಹೇಳಿ. ದೂರು ಯಾರಿಗೆ ಕೊಡಬೇಕು ಅನ್ನುವುದು ಆ ನಿಯಮಾವಳಿಯಲ್ಲೇ ಇರುತ್ತದೆ.

ಮಾತು ಮುಗಿಸುವುದು ಸುಲಭ. 'ಇನ್ನೊಂದಿಷ್ಟು ಜನರನ್ನು ಮಾತಾಡಿಸಿ ಬರ್ತೀನಿ' ಅಂದರೆ ಆಯಿತು. ಆದರೆ ನಾಲ್ಕು ಹೆಜ್ಜೆ ಆಚೆ ಹೋದ ಕೂಡಲೇ ನೋಟ್‌ಬುಕ್ ತೆಗೆಯಿರಿ. ಹೆಸರು, ಊರು, ಅವರು ಹೇಳಿದ ಒಂದು ವಿಷಯ, ನೀವು ಕಳಿಸ್ತೀನಿ ಅಂದ ಒಂದು ಲಿಂಕ್. ಲಿಂಕ್ಡ್‌ಇನ್ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು ಅನ್ನುವವರನ್ನು ನಂಬಬೇಡಿ. ಐವತ್ತು ಹೆಸರು ಸೇರುತ್ತವೆ, ಯಾರು ಏನಂದರು ಅನ್ನುವುದು ಒಂದೂ ನೆನಪಿರುವುದಿಲ್ಲ.

ಹಂತ 6: ಓಪನ್ ಸ್ಪೇಸ್

ಖಾಲಿ ಬೋರ್ಡಿನಲ್ಲಿ ವಿಷಯ, ಸಮಯ ಬರೆದರೆ ಆಸಕ್ತಿ ಇದ್ದವರು ಬಂದು ಸೇರುತ್ತಾರೆ. 'ಕನ್ನಡ ಪಠ್ಯ ಮತ್ತು ಪೈಥಾನ್' ಅಂತ ಬರೆಯಿರಿ. ನಾಲ್ಕೇ ಜನ ಬಂದರೂ ಆ ನಾಲ್ವರು ನಿಮಗೆ ಬೇಕಾದವರೇ.

ಹಂತ 7: ಡೆವ್‌ಸ್ಪ್ರಿಂಟ್

ಟಾಕ್‌ಗಳೆಲ್ಲ ಮುಗಿದ ಮೇಲೆ ಹೆಚ್ಚಿನವರು ಊರಿಗೆ ಹೊರಟುಬಿಡುತ್ತಾರೆ. ಹೊರಡಬೇಡಿ. ಸ್ಪ್ರಿಂಟ್ ದಿನ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಮೇಂಟೇನರ್‌ಗಳು (ಅವನ್ನು ನೋಡಿಕೊಳ್ಳುವವರು) ಒಂದೊಂದು ಮೇಜಿಗೆ ಕೂತು ಹೊಸಬರಿಂದ ಕೆಲಸ ಮಾಡಿಸುತ್ತಾರೆ. ನಿಮ್ಮ ಕೋಡನ್ನು ಅದೇ ಪ್ರಾಜೆಕ್ಟಿನವರು ಪಕ್ಕದಲ್ಲಿ ಕೂತು ನೋಡಿ ಹೇಳುವುದು ಬೇರೆಲ್ಲೂ ಸುಲಭಕ್ಕೆ ಸಿಗುವಂಥದ್ದಲ್ಲ.

ಲ್ಯಾಪ್‌ಟಾಪ್ ಬೇಕಾಗುವುದು ಇವತ್ತು. ದಿನ ಹಾಳಾಗುವುದು ಮಾತ್ರ ವೈಫೈನಿಂದ. ಪ್ರಾಜೆಕ್ಟನ್ನು ಅಲ್ಲಿಗೆ ಬಂದ ಮೇಲೆ ಇಳಿಸಿಕೊಳ್ಳೋಣ ಅಂತ ನೂರು ಜನ ಕೂತರೆ ಯಾರಿಗೂ ಇಳಿಯುವುದಿಲ್ಲ. ಆಗ ಎಲ್ಲರೂ ಮೊಬೈಲ್ ಹಾಟ್‌ಸ್ಪಾಟ್ ಹಾಕುತ್ತಾರೆ, ಇನ್ನೂ ಕೆಡುತ್ತದೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಒಂದೇ ಕೋಣೆಯಲ್ಲಿ ನಲವತ್ತು ಹಾಟ್‌ಸ್ಪಾಟ್ ಎದ್ದರೆ ಎಲ್ಲವೂ ಒಂದನ್ನೊಂದು ಅಡ್ಡಗಟ್ಟುತ್ತವೆ. ನಿಮ್ಮ ಮೊಬೈಲ್ ಡೇಟಾ ಬಳಸಲೇಬೇಕಾದರೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿ.

ಅದಕ್ಕಿಂತ ಒಳ್ಳೆಯದು ಹಿಂದಿನ ರಾತ್ರಿಯೇ ತಯಾರಾಗುವುದು. ಬರುವ ಪ್ರಾಜೆಕ್ಟ್‌ಗಳ ಪಟ್ಟಿ ನೋಡಿ ಎರಡು ಆರಿಸಿ, ಕ್ಲೋನ್ ಮಾಡಿಕೊಳ್ಳಿ, ಅಂದರೆ ಅದರ ಕೋಡಿನ ಪ್ರತಿ ಇಳಿಸಿಕೊಳ್ಳಿ. ಸಿಪೈಥಾನ್‌ನಂಥ (ಪೈಥಾನ್ ಭಾಷೆಯದೇ ಮೂಲ ಕೋಡ್) ಭಾರೀ ಪ್ರಾಜೆಕ್ಟ್ ಆದರೆ ಕ್ಲೋನ್ ಮಾಡುವಾಗ ಡೆಪ್ತ್ 1 ಎಂದು ಕೊಡಿ. ಹಳೆಯ ಚರಿತ್ರೆ ಬಿಟ್ಟು ಈಗಿನ ಪ್ರತಿ ಮಾತ್ರ ಇಳಿಯುತ್ತದೆ. ಬೇಕಾದ ಲೈಬ್ರರಿ, ಡಾಕರ್ ಇಮೇಜ್ (ಬೇಕಾದ್ದೆಲ್ಲ ಸೇರಿಸಿ ಕಟ್ಟಿಟ್ಟ ಸಾಫ್ಟ್‌ವೇರ್ ಗಂಟು) ಎಲ್ಲ ಹಾಕಿಕೊಂಡು ಒಮ್ಮೆ ಟೆಸ್ಟ್ ಓಡಿಸಿ. ಎಲ್ಲಿ ಸಿಕ್ಕಿಕೊಂಡಿತು ಅನ್ನುವುದನ್ನು ಬರೆದಿಡಿ. ಆ ಟಿಪ್ಪಣಿಯೇ ನಿಮ್ಮ ಮೊದಲ ಕೊಡುಗೆ ಆಗಬಹುದು, ಏಕೆಂದರೆ ಇನ್‌ಸ್ಟಾಲ್ ಮಾಡುವ ಸೂಚನೆಯ ತಪ್ಪುಗಳು ಹೊಸಬರ ಕಣ್ಣಿಗೇ ಬೇಗ ಬೀಳುತ್ತವೆ.

ಕೆಲಸ ಆರಿಸುವಾಗ, ಹೊಸಬರಿಗೆ ಆಗುವಂಥದ್ದು ಅನ್ನುವ 'ಗುಡ್ ಫಸ್ಟ್ ಇಶ್ಯೂ' ಗುರುತು ನೋಡಿ, ಜೊತೆಗೆ ಮೇಂಟೇನರ್ ಹತ್ತಿರ ಕೇಳಿ. ಲೆಕ್ಕಕ್ಕೊಂದು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬೇಕು ಅಂತ ರೀಡ್‌ಮಿಯಲ್ಲಿ, ಅಂದರೆ ಪ್ರಾಜೆಕ್ಟಿನ ಪರಿಚಯದ ಪುಟದಲ್ಲಿ, ಒಂದು ಪದ ಬದಲಿಸಿ ಕಳಿಸಬೇಡಿ. ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಅಭಿಯಾನದಲ್ಲಿ 2020ರಲ್ಲಿ ಟೀ-ಶರ್ಟಿನ ಆಸೆಗೆ ಹೀಗೇ ರಾಶಿ ರಾಶಿ ಬಂದು ಬಿದ್ದವು. ಮೇಂಟೇನರ್‌ಗಳು ಬೇಸತ್ತರು. ಭಾಗವಹಿಸಲು ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂದು ನಡುವೆಯೇ ನಿಯಮ ಬದಲಿಸಬೇಕಾಯಿತು. ಎಐ ಚಾಟ್‌ಬಾಟ್ ಬರೆದುಕೊಟ್ಟ ಕೋಡ್ ನಿಮಗೇ ಅರ್ಥವಾಗದಿದ್ದರೆ ಅದನ್ನೂ ಕಳಿಸಬೇಡಿ. 'ಈ ಸಾಲು ಯಾಕೆ?' ಎಂದು ಪಕ್ಕದಲ್ಲಿ ಕೂತವರೇ ಕೇಳುತ್ತಾರೆ.

ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದರೆ ಇಡೀ ಮೇಜಿಗೆ ಉಪಕಾರ. ಸ್ಪ್ರಿಂಟ್ ಬೇರೆ ಜಾಗದಲ್ಲಿ ಇರಬಹುದು, ವಿಳಾಸ ಮೊದಲೇ ನೋಡಿಕೊಳ್ಳಿ.

ಹಂತ 8: ಊರಿಗೆ ಬಂದ ಮೇಲೆ

ಒಂದು ವಾರದೊಳಗೆ, ನೋಟ್‌ಬುಕ್‌ನಲ್ಲಿ ಇರುವವರಿಗೆಲ್ಲ ಎರಡು ಮೂರು ಸಾಲಿನ ಮೇಲ್ ಬರೆಯಿರಿ. ಕಳಿಸ್ತೀನಿ ಅಂದಿದ್ದ ಲಿಂಕ್ ಕಳಿಸಿ. ಅವರು ಕೊಟ್ಟ ಸಲಹೆ ಮಾಡಿ ನೋಡಿದ್ದರೆ ಏನಾಯಿತು ಅಂತ ತಿಳಿಸಿ, ಕೆಲಸ ಮಾಡದಿದ್ದರೂ ತಿಳಿಸಿ. ಸ್ಪ್ರಿಂಟ್‌ನಲ್ಲಿ ಅರ್ಧಕ್ಕೆ ನಿಂತ ಪುಲ್ ರಿಕ್ವೆಸ್ಟ್‌ಗೆ ಕಾಮೆಂಟ್ ಬಂದಿದೆಯಾ ನೋಡುತ್ತಿರಿ. ಮುಂದುವರಿಸಲು ಆಗದಿದ್ದರೆ 'ಬೇರೆಯವರು ತಗೊಳ್ಳಬಹುದು' ಎಂದು ಅಲ್ಲೇ ಬರೆದುಬಿಡಿ. ಮುಂದಿನ ಸಮ್ಮೇಳನಕ್ಕೆ ಟಾಕ್‌ಗಳ ಪ್ರಸ್ತಾವ ಕರೆಯುವುದು ತಿಂಗಳುಗಟ್ಟಲೆ ಮೊದಲೇ. ಕಾರಿಡಾರಿನಲ್ಲಿ ನಿಮ್ಮ ಸಮಸ್ಯೆ ಕೇಳಿ ಯಾರು ಹೆಚ್ಚು ಪ್ರಶ್ನೆ ಹಾಕಿದರೋ ಅವರಿಗೆ ನಿಮ್ಮ ಪ್ರಸ್ತಾವದ ಕರಡು ಕಳಿಸಿ, ಓದಿ ಹೇಳಿ ಅಂತ ಕೇಳಿ.